ಕೊಪ್ಪಳದಲ್ಲಿ ಕುಳಿತು ಸಮುದ್ರದ ಹವಾಮಾನ

ಇವತ್ತು ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ನಿಂತಿದ್ದಾಗ ಮೊಬೈಲು ಟಿಣ್ ಎಂದಿತು. ನೋಡಿದರೆ ಸಮುದ್ರದ ಸಮಾಚಾರ. "ನಾಳೆ ತೆರೆ ಮೊಣಕಾಲುಮಟ್ಟ. ಗಾಳಿ ನೆಲದ ಕಡೆಯಿಂದ, ಮೆಲ್ಲಗೆ. ಹೊಸಬರು ಧೈರ್ಯವಾಗಿ ಬರಬಹುದು. ಬಿಸಿಲೇರಿದ ಮೇಲೆ ಗಾಳಿ ತಿರುಗುತ್ತದೆ, ಅಷ್ಟರೊಳಗೆ ನೀರಿನಿಂದ ಮೇಲೆ ಬನ್ನಿ."

ನಾನು ಬರುವುದೆಲ್ಲಿಂದ? ನಾನಿರುವುದು ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ. ಕಿಟಕಿ ತೆರೆದರೆ ಎದುರುಮನೆಯ ಮಗ್ಗದ ಸದ್ದು, ಅದರಾಚೆ ಕಾದ ಬಂಡೆಗುಡ್ಡ. ಮೊಣಕಾಲುಮಟ್ಟದ ನೀರು ಕಾಣಬೇಕೆಂದರೆ ನಲ್ಲಿ ಬಿಡುವ ದಿನ ಅಂಗಳದ ನೀರಿನ ಹೌದಿನ ಮುಂದೆ ಹೋಗಿ ನಿಲ್ಲಬೇಕು. ಆದರೂ ಈ ಸಮಾಚಾರವನ್ನು ಓದದೆ ನನಗೆ ಚಹಾ ಇಳಿಯುವುದಿಲ್ಲ. ದಿನಪತ್ರಿಕೆಯಲ್ಲಿ ನಮ್ಮೂರಿನ ಉಷ್ಣಾಂಶ ನೋಡುವುದಕ್ಕಿಂತ ಮೊದಲು, ನೂರಾರು ಮೈಲಿ ಆಚೆಯ ಒಂದು ತೀರದಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತೇನೆ. ಈ ಹುಚ್ಚು ಹಿಡಿಸಿದವರು ಪಕ್ಕದ ಮನೆಯ ಶಮಶಾದ್ ಆಪಾ.

ಆಪಾ ಟೇಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ನಮ್ಮ ಓಣಿಯ ಹೆಂಗಸರ ಜಂಪರುಗಳು, ಶಾಲೆಯ ಮಕ್ಕಳ ಯೂನಿಫಾರಮ್ಮು ಎಲ್ಲ ಅವರ ಕೈಯಿಂದಲೇ ಆಗಬೇಕು. ಅವರ ಒಬ್ಬಳೇ ಮಗಳು ನಸರೀನ್ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಕನ್ನಡದಲ್ಲಿ ಅಷ್ಟಕ್ಕಷ್ಟೆ, ಆದರೆ ಓಟದಲ್ಲಿ, ಜಿಗಿತದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಮುಂದೆ ದೈಹಿಕ ಶಿಕ್ಷಣ ಓದಲೆಂದು ಮಂಗಳೂರಿಗೆ ಹೋದಳು. ಓದು ಮುಗಿದ ಮೇಲೆ ಅಲ್ಲೇ ಒಂದು ತೀರದಲ್ಲಿ, ತೆರೆಯ ಮೇಲೆ ಹಲಗೆ ಹಾಕಿ ಅದರ ಮೇಲೆ ನಿಂತು ಜಾರಿ ಬರುವ ಆಟವನ್ನು ಜನರಿಗೆ ಕಲಿಸುವ ಕೆಲಸಕ್ಕೆ ಸೇರಿಕೊಂಡಳು. ಸರ್ಫಿಂಗ್ ಅನ್ನುತ್ತಾರಂತೆ. "ಅದೂ ಒಂದು ಕೆಲಸೇನ್ರಿ ಅಕ್ಕೋರ?" ಎಂದು ಆಪಾ ನನ್ನನ್ನು ಕೇಳಿದಾಗ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಅಭ್ಯಾಸ ಮಾಸ್ತರಿಕೆಯಲ್ಲಿ ತಪ್ಪಿಹೋಗಿರುತ್ತದೆ ನೋಡಿ. "ಹೌದ್ರಿ, ಈಗ ಭಾಳ ನಡದೈತಿ" ಎಂದುಬಿಟ್ಟೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಯಲಬುರ್ಗಾ ಕಡೆಗೂ ಒಂದು ಮಂಗಳೂರು ಇದೆ. ದೊಡ್ಡ ಹಳ್ಳಿ. ಸಮುದ್ರವಿಲ್ಲ, ಜೋಳದ ಹೊಲವಿದೆ. "ಮಗಳು ಎಲ್ಲಿರ್ತಾಳ?" ಎಂದು ಯಾರಾದರೂ ಕೇಳಿದರೆ ಆಪಾ "ಮಂಗಳೂರಾಗ ಅದಾಳ, ಹುಡುಗರಿಗೆ ಕಲಸ್ತಾಳ" ಎನ್ನುತ್ತಿದ್ದರು. ಒಂದಕ್ಷರ ಸುಳ್ಳಲ್ಲ. ಕೇಳಿದವರು, ಸಮೀಪದ ಮಂಗಳೂರಿನ ಸಾಲಿಯಲ್ಲಿ ಟೀಚರ್ ಆಗಿದ್ದಾಳೆ ಎಂದುಕೊಂಡು, "ಛಲೋ ಆತು ಬಿಡ್ರಿ, ಬಸ್ ಹತ್ತಿದ್ರ ಮನಿ" ಎಂದು ಸಂತೋಷಪಡುತ್ತಿದ್ದರು. ಆಪಾ ಅವರ ಸಂತೋಷಕ್ಕೆ ಅಡ್ಡಿ ಮಾಡುತ್ತಿರಲಿಲ್ಲ. ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುವ ಅವರ ದೊಡ್ಡಣ್ಣನಿಗೂ ಇದೇ ಉತ್ತರ. ಮನೆತನದಲ್ಲಿ ಆ ಅಣ್ಣನ ಮಾತೇ ಕಡೆಯ ಮಾತು. ಮಗಳು ಸಮುದ್ರದೊಳಗೆ ನಿಂತು ದುಡಿಯುತ್ತಾಳೆ ಎಂದು ತಿಳಿದರೆ ಏನಂದಾರೋ ಎಂಬ ಅಂಜಿಕೆ ಆಪಾಗೆ ಒಳಗೊಳಗೇ ಇತ್ತು.

ಅದಕ್ಕಿಂತ ದೊಡ್ಡ ಅಂಜಿಕೆ ಸಮುದ್ರದ್ದೇ. ಆಪಾ ಸಮುದ್ರವನ್ನು ನೋಡಿರಲಿಲ್ಲ. ದಿನಾ ಮಗಳಿಗೆ ಫೋನ್ ಮಾಡಿ, "ಇವತ್ತ ಸಮುದ್ರ ಹೆಂಗೈತಿ?" ಎಂದು ಕೇಳುತ್ತಿದ್ದರು, ಜ್ವರ ಬಂದವರನ್ನು ವಿಚಾರಿಸಿದ ಹಾಗೆ. ಕೇಳಿಸಿಕೊಂಡು ಸಾಕಾದ ನಸರೀನ್, ಒಮ್ಮೆ ಊರಿಗೆ ಬಂದಾಗ, ತೆರೆ ಎಷ್ಟೆತ್ತರ, ಗಾಳಿ ಎತ್ತ ಕಡೆ ಎಂದು ಮುಂದಾಗಿ ತಿಳಿಸುವ ಒಂದು ಆ್ಯಪನ್ನು ತಾಯಿಯ ಮೊಬೈಲಿಗೆ ಹಾಕಿಕೊಟ್ಟು ಹೋದಳು. ಅದು ಇಂಗ್ಲಿಷಿನಲ್ಲಿತ್ತು. ಹೀಗಾಗಿ ಆಪಾ ದಿನಾ ಬೆಳಿಗ್ಗೆ ಮೊಬೈಲು ಹಿಡಿದು ನಮ್ಮ ಅಡುಗೆಮನೆಗೆ ಬರತೊಡಗಿದರು.

ನನ್ನ ಕನ್ನಡ ಪಾಂಡಿತ್ಯದ ಗರ್ವಭಂಗವಾದದ್ದು ಆಗಲೇ. 'ಸ್ವೆಲ್' ಎಂದು ಬರೆದಿತ್ತು. ನಿಘಂಟಿನ ಮೊದಲ ಅರ್ಥ ಹಿಡಿದು, "ಸಮುದ್ರಕ್ಕ ಊತ ಬಂದೈತ್ರಿ" ಎಂದೆ. ಆಪಾ ಗಾಬರಿಯಾಗಿ, "ಯಾಕ್ರಿ, ಏನಾಗ್ಯದ?" ಎಂದರು. ದೂರದಿಂದ ಉಬ್ಬಿ ಬರುವ ತೆರೆಗೆ ಹಾಗನ್ನುತ್ತಾರೆಂದು ಆಮೇಲೆ ತಿಳಿಯಿತು. 'ಪೀರಿಯಡ್' ಎಂದಿತ್ತು. ಪೀರಿಯಡ್ಡೆಂದರೆ ನನಗೆ ಗಂಟೆ ಬಾರಿಸುವವರೆಗೆ ಮುಗಿಯದ ಪಾಠ. ಇಲ್ಲಿ ನೋಡಿದರೆ ಕೆಲವೇ ಸೆಕೆಂಡು. ಇಷ್ಟು ಸಣ್ಣ ಪೀರಿಯಡ್ಡಿನಲ್ಲಿ ಸಮುದ್ರ ಯಾರಿಗೆ ಏನು ಕಲಿಸೀತು ಎಂದು ಯೋಚಿಸುತ್ತ ಕೂತೆ. ಒಂದು ತೆರೆಯ ಹಿಂದೆ ಇನ್ನೊಂದು ತೆರೆ ಬರಲು ಹಿಡಿಯುವ ಹೊತ್ತು ಅದು, ಆ ಹೊತ್ತು ಹೆಚ್ಚಿದ್ದಷ್ಟೂ ತೆರೆಯ ಕಸುವು ಹೆಚ್ಚು ಎಂದು ನಸರೀನಳೇ ಫೋನಿನಲ್ಲಿ ಬಿಡಿಸಿ ಹೇಳಬೇಕಾಯಿತು.

ಒಂದೇ ಸಂಗತಿ ಆಪಾಗೆ ನನ್ನ ಸಹಾಯವಿಲ್ಲದೆ ತಿಳಿಯುತ್ತಿತ್ತು: ಮೀಟರು. ಬಟ್ಟೆ ಅಳೆಯುವವರಿಗೆ ಮೀಟರಿನ ಅರ್ಥ ಹೇಳಬೇಕೆ? ಒಂದು ಮೇ ತಿಂಗಳ ಬೆಳಿಗ್ಗೆ ನಾನು, "ಗುರುವಾರ ಎರಡು ಮೀಟರ್‌ಕಿಂತ ಮ್ಯಾಲೆ ಐತ್ರಿ ಆಪಾ" ಎಂದು ಓದಿದೆ. ಅವರು ಎದ್ದು ಹೋಗಿ ಟೇಪು ತಂದು, ನಮ್ಮ ಬಾಗಿಲ ಪಕ್ಕದ ಗೋಡೆಗೆ ನೆಲದಿಂದ ಮೇಲೆ ಹಿಡಿದು, ಅದು ಮುಗಿದಲ್ಲಿಂದ ಮತ್ತೊಮ್ಮೆ ಹಿಡಿದರು. ಕೈ ಚೌಕಟ್ಟಿನ ಮೇಲಿನ ಅಂಚಿಗೆ ಹೋಯಿತು. ಅಲ್ಲೇ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಇಷ್ಟು ನೀರು ಎದ್ದು ನಿಂದರತೈತೇನ್ರಿ?"

"ಹೌದಂತ್ರಿ."

"ನನ್ನ ಮಗಳು ಇದರ ಮುಂದ ನಿಂದರತಾಳ?"

ಆಪಾ ಟೇಪು ಸುತ್ತಿದರು. "ಈ ತೆರಿ ಬರೋದರಾಗ ಹೋಗಿ ಆಕೀನ್ನ ಕರ್ಕೊಂಡು ಬರ್ತೀನಿ. ಸಾಕು ಈ ಕೆಲಸ. ನೀವೂ ಬರ್ರಿ ಅಕ್ಕೋರ. ಹೆಂಗೂ ಸಾಲಿ ಸೂಟಿ ಐತಿ. ಆ ಕಡೀ ಮಾತು ನನಗ ತಿಳಿಯಂಗಿಲ್ಲ."

ಆ ಕಡೆಯ ಮಾತು ನನಗೂ ತಿಳಿಯುವುದಿಲ್ಲ. ಆದರೆ ಹೊರಟೆ. ಸಮುದ್ರವನ್ನು ಮೊದಲೇ ನೋಡಿದ್ದೇನೆ ಎಂದು ನಾನು ಹೇಳಿಕೊಳ್ಳುತ್ತಿದ್ದುದು ಅರ್ಧ ನಿಜ. ಶಾಲೆಯ ಪ್ರವಾಸದಲ್ಲಿ ಗೋಕರ್ಣಕ್ಕೆ ಹೋಗಿದ್ದೆ. ಇದ್ದಷ್ಟು ಹೊತ್ತೂ ಸಮುದ್ರಕ್ಕೆ ಬೆನ್ನು ಮಾಡಿ, ಮಕ್ಕಳ ತಲೆ ಎಣಿಸುತ್ತ ನಿಂತಿದ್ದೆ.

ಗುರುವಾರ ಬೆಳಿಗ್ಗೆ ಬಸ್ಸಿಳಿದು ತೀರಕ್ಕೆ ಹೋದಾಗ ಬಿಸಿಲು ಬಿದ್ದಿತ್ತು. ಆಕಾಶದಲ್ಲಿ ಮೋಡದ ಚೂರಿಲ್ಲ, ಗಾಳಿಯ ಸುಳಿವಿಲ್ಲ. ಸಮುದ್ರ ಇಸ್ತ್ರಿ ಮಾಡಿಟ್ಟ ಹಾಗೆ ಮಲಗಿತ್ತು. ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದ ನಸರೀನ್ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು. ಮನೆಯಲ್ಲಿ ಅವರಿಬ್ಬರದೂ ಉರ್ದು. ನಾನಿದ್ದೇನೆಂದು ಕನ್ನಡಕ್ಕೆ ಬಂದರು.

"ಎಲ್ಲೈತಿ ನಿನ್ನ ಎರಡು ಮೀಟರು?" ಆಪಾ ಕೇಳಿದರು. ದನಿಯಲ್ಲಿ ಸಮಾಧಾನವೂ ಇತ್ತು, ಅಷ್ಟು ದೂರ ಬಂದು ಮೋಸಹೋದ ಸಣ್ಣ ಬೇಸರವೂ ಇತ್ತು.

"ಬರ್ತಾವ ಅಮ್ಮಿ. ದಾರಿಯೊಳಗ ಅದಾವ."

ಆಮೇಲೆ ಅವಳು ಹೇಳಿದ್ದನ್ನು ನಾನು ಇವತ್ತಿಗೂ ಪೂರ್ತಿ ನಂಬಲಾರದೆ ನಂಬಿದ್ದೇನೆ. ಈ ತೆರೆಗಳು ಇಲ್ಲಿಯ ಗಾಳಿಯವಲ್ಲ. ತೀರಾ ದಕ್ಷಿಣದಲ್ಲಿ, ಮಂಜುಗಡ್ಡೆಯ ನಾಡಿನ ಹತ್ತಿರ, ಒಂದು ಹಡಗೂ ಸುಳಿಯದ ಕಡೆ ಎಂದೋ ಒಂದು ಬಿರುಗಾಳಿ ಎದ್ದಿತ್ತು. ಅದು ಅಲ್ಲೇ ಸತ್ತೂ ಹೋಗಿದೆ. ಆದರೆ ಅದು ನೀರಿಗೆ ಕೊಟ್ಟ ಪೆಟ್ಟು ಹಗಲು ರಾತ್ರಿ ನಡೆದು, ನಡುವೆ ಎಲ್ಲೂ ನೆಲ ಕಾಣದೆ, ಈಗ ಇಲ್ಲಿಗೆ ಬರುತ್ತಿದೆ. ಅಂದರೆ ಆಪಾ ನಮ್ಮ ಗೋಡೆಗೆ ಟೇಪು ಹಿಡಿದಾಗ ಅದು ಆಗಲೇ ಹೊರಟುಬಿಟ್ಟಿತ್ತು. ಅದುವರೆಗೆ ನಾನು ಬಾಯಿ ಮುಚ್ಚಿ ನಿಂತ ಜಾಗವೆಂದರೆ ಇಟಗಿಯ ಮಹಾದೇವ ಗುಡಿಯೊಂದೇ. ಕಲ್ಲಾದರೋ ನಿಂತಲ್ಲಿ ನಿಂತಿರುತ್ತದೆ. ನಮ್ಮ ಬೆರಗು ತೀರುವವರೆಗೆ ಕಾಯುತ್ತದೆ. ನಡೆದು ಬರುವ ಬೆರಗನ್ನು ನಾನು ಕಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂದವು. ಮೊದಲು ದಿಗಂತದಲ್ಲಿ ಸಾಲುಗಳು ಕಂಡವು, ಕುಂಟೆ ಹೊಡೆದ ಎರೆಹೊಲದ ಸಾಲಿನ ಹಾಗೆ, ಅಷ್ಟು ನೆಟ್ಟಗೆ. ಗಾಳಿ ಮಾತ್ರ ಆಗಲೂ ಇರಲಿಲ್ಲ. ಸಾಲುಗಳು ಹತ್ತಿರವಾದಂತೆ ಎದ್ದವು, ಹಸಿರಾದವು, ಒಂದು ಕ್ಷಣ ಬಿಸಿಲು ಅವುಗಳ ಮೈಯೊಳಗಿಂದ ಆಚೆ ತೂರಿತು, ಮತ್ತೆ ಒಡೆದು ಬಿದ್ದವು. ಕೂತ ಮರಳು ಅಡಿಯಲ್ಲಿ ನಡುಗಿತು. ನಸರೀನ್ ಮತ್ತು ಅವಳ ಜತೆಯವರು ಕೆಂಪು ಬಾವುಟ ನೆಟ್ಟು, ಸೀಟಿ ಊದಿ, ನೀರಿನಲ್ಲಿದ್ದ ಪ್ರವಾಸಿಗಳನ್ನೆಲ್ಲ ಮೇಲಕ್ಕೆ ಕರೆದರು.

ಎಲ್ಲರೂ ಬಂದರು, ಒಬ್ಬ ತರುಣನ ಹೊರತು. ಗೆಳೆಯರ ಜತೆ ಬಂದಿದ್ದವನು. ಅವನೂ ಬರುವವನೇ ಇದ್ದ. ಆದರೆ ದಂಡೆಗೆ ಬಂದ ನೀರೆಲ್ಲ ಒಂದು ಕಡೆ ಕೂಡಿ ಕಾಲುವೆಯ ಹಾಗೆ ಸಮುದ್ರಕ್ಕೆ ವಾಪಸ್ಸು ಹರಿಯುತ್ತಿತ್ತು. ಅದು ಅವನನ್ನು ಎಳೆದುಕೊಂಡು ಹೋಯಿತು. ಮೊದಲು ಕೈ ಬೀಸುತ್ತಿದ್ದ, ಆಮೇಲೆ ಬೀಸುವುದನ್ನು ಬಿಟ್ಟ.

ನಸರೀನ್ ಹಲಗೆ ಎತ್ತಿಕೊಂಡು ಓಡಿದಳು. ಓಡಿ, ಬೇಗ ಮುಟ್ಟಲೆಂದು, ಅವನನ್ನು ಎಳೆದೊಯ್ದ ಅದೇ ಹರಿವಿಗೆ ಬಿದ್ದಳು. ಆಪಾ ನನ್ನ ಮಣಿಕಟ್ಟನ್ನು ಹಿಡಿದರು. ಆ ಹಿಡಿತದ ಗುರುತು ಮರುದಿನವೂ ಇತ್ತು. ತೆರೆ ಎದ್ದಾಗ ನಸರೀನ್ ಕಾಣುತ್ತಿರಲಿಲ್ಲ. ಬಿದ್ದಾಗ ಕಾಣುತ್ತಿದ್ದಳು.

"ಮುಳುಗ್ಯಾಳ?"

"ಇಲ್ರಿ, ಅಲ್ಲಿ ನೋಡ್ರಿ."

"ಈಗ?"

"ಅದಾಳ್ರಿ ಆಪಾ, ಅದಾಳ."

ಅವನನ್ನು ಮುಟ್ಟಿದಳು. ಹಲಗೆಯ ಮೇಲೆ ಎಳೆದು ಬೋರಲು ಹಾಕಿಕೊಂಡಳು. ಇನ್ನೇನು ತಿರುಗಿ ಬರುತ್ತಾಳೆ ಎಂದು ನಾವು ಉಸಿರು ಬಿಡುವಷ್ಟರಲ್ಲಿ ಅವಳು ದಂಡೆಗೆ ಬೆನ್ನು ಮಾಡಿ ಇನ್ನೂ ಒಳಕ್ಕೆ ಹೊರಟಳು.

"ಆ ಕಡೆ ಯಾಕ ಹೊಂಟಾಳ? ದಂಡಿ ಈ ಕಡೆ ಐತಿ! ಯವ್ವಾ, ದಂಡಿ ಈ ಕಡೆ ಐತಿ!" ಆಪಾ ಎದ್ದು ನಿಂತರು.

ಪಕ್ಕದಲ್ಲಿದ್ದ ಅವಳ ಜತೆಗಾರ ಹೇಳಿದ: ಈಗ ತಿರುಗಿದರೆ ಒಡೆಯುವ ತೆರೆ ಇಬ್ಬರ ಮೇಲೂ ಬೀಳುತ್ತದೆ. ತೆರೆ ಒಡೆಯದ ಜಾಗಕ್ಕೆ ಹೋಗಿ ಕಾಯುತ್ತಾಳೆ. ದೊಡ್ಡವು ಗುಂಪಾಗಿ ಬರುತ್ತವೆ. ಗುಂಪು ಮುಗಿದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ.

ಹೌದು, ಅವಳು ಕಾದಳು. ಆ ಬೆಟ್ಟದಂಥ ನೀರಿನ ಸಾಲುಗಳ ಹಿಂದೆ ಹಲಗೆಯ ಮೇಲೆ ಕೂತು, ಅವನ ಬೆನ್ನಿಗೆ ಒಂದು ಕೈಯಿಟ್ಟು, ಬಸ್ಸಿಗೆ ಕಾಯುವವರ ಹಾಗೆ ಕಾದಳು. ದಂಡೆಯಲ್ಲಿ ನಾವೆಲ್ಲ ಓಡಾಡುತ್ತಿದ್ದೆವು, ಚೀರುತ್ತಿದ್ದೆವು, ದೇವರನ್ನು ಕರೆಯುತ್ತಿದ್ದೆವು. ಸುಮ್ಮನಿದ್ದವಳು ಅವಳೊಬ್ಬಳೇ. ಕನ್ನಡ ಪೀರಿಯಡ್ಡಿನಲ್ಲಿ ಒಂದು ಗಳಿಗೆ ಸುಮ್ಮನೆ ಕೂಡಲಾರದೆ ನನ್ನಿಂದ ಬೈಸಿಕೊಳ್ಳುತ್ತಿದ್ದ ಹುಡುಗಿ! ಆ ಹೊತ್ತಿನಲ್ಲಿ ನನಗೆ ಯಾವುದು ದೊಡ್ಡದು ಕಂಡಿತೋ ಹೇಳಲಾರೆ, ಆ ಸಮುದ್ರವೋ, ಅದರ ನಡುವೆ ಹಾಗೆ ಕೂತವಳೋ.

ದೊಡ್ಡ ತೆರೆಗಳು ಮುಗಿದವು. ನೀರು ಸ್ವಲ್ಪ ಸಡಿಲಿತು. ನಸರೀನ್ ಮಲಗಿ ಎರಡೂ ಕೈಯಿಂದ ನೀರು ಸೀಳುತ್ತ ಬಂದಳು. ಹಿಂದಿನಿಂದ ಬಂದ ಒಂದು ಸಣ್ಣ ತೆರೆ ಇಬ್ಬರನ್ನೂ ಎತ್ತಿ ಮರಳಿನ ತನಕ ತಂದು ಬಿಟ್ಟಿತು. ಆ ಹುಡುಗ ನೀರು ಕಾರಿದ, ಕೆಮ್ಮಿದ, ಆಮೇಲೆ ಜೋರಾಗಿ ಅತ್ತ. ಅಳು ಕೇಳಿ ದಂಡೆಯೆಲ್ಲ ನಕ್ಕಿತು, ಅಷ್ಟು ಸಂತೋಷವಾಗಿತ್ತು.

ಆಪಾ ಮಗಳ ಹತ್ತಿರ ಹೋದರು. ಹೊಡೆಯುತ್ತಾರೇನೋ ಎಂದು ನಾನು ಹಿಂದೆಯೇ ಹೋದೆ. ಅವರು ಸೆರಗಿನ ತುದಿ ಹಿರಿದು ಸುರುಳಿ ಮಾಡಿ ಮಗಳ ಕಿವಿ ಒರೆಸತೊಡಗಿದರು. "ಕಿವ್ಯಾಗ ನೀರು ಹೋಗ್ಯಾವ. ಬಗ್ಗು." ನಸರೀನ್ ಬಗ್ಗಿದಳು. ಒಂದು ಕಿವಿ ಆಯಿತು, ಇನ್ನೊಂದು ಆಯಿತು. ಮಗಳು ಹಾಗೇ ಬಗ್ಗಿ ತಾಯಿಯ ಭುಜಕ್ಕೆ ಹಣೆ ಆನಿಸಿದಳು.

ಸಂಜೆ ದಂಡೆಯ ಚಹಾದಂಗಡಿಯಲ್ಲಿ ಕೂತಾಗ ಆಪಾ ಗಂಗಾವತಿಯ ಅಣ್ಣನಿಗೆ ಫೋನ್ ಹಚ್ಚಿದರು. ಕೈಯೆಲ್ಲ ಮರಳಾಗಿದ್ದರಿಂದ ಸ್ಪೀಕರ್ ಹಾಕಿದ್ದರು. ಮಾತು ಉರ್ದುವಿನಲ್ಲಿ ನಡೆಯಿತು. ತಿಳಿದಷ್ಟನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಭಾಯಿಜಾನ್, ನಸರೀನ್ ಇರೋದು ಯಲಬುರ್ಗಾ ಕಡಿ ಮಂಗಳೂರಾಗ ಅಲ್ಲ."

"ಗೊತ್ತೈತಿ."

ಆಪಾ ಚಹಾದ ಲೋಟ ಕೆಳಗಿಟ್ಟರು.

"ಆ ಮಂಗಳೂರಿನವರು ಅಕ್ಕಿ ಒಯ್ಯಾಕ ನನ್ನ ಅಂಗಡಿಗೆ ಬರ್ತಾರ. ಒಬ್ಬರಿಗೂ ನಿನ್ನ ಮಗಳು ಗೊತ್ತಿಲ್ಲ ಅಂದ್ರ ನನಗ ತಿಳಿಯಂಗಿಲ್ಲೇನು? ಕೆನಾಲದಾಗ ಆಕಿಗೆ ಈಜು ಕಲಿಸಿದವ ನಾನು. ನೀರಿದ್ದ ಕಡೆ ಹೋಗ್ಯಾಳ ಅಂದ್ಕೊಂಡೆ. ನೀನಾಗಿ ಯಾವತ್ತ ಹೇಳ್ತಿ ಅಂತ ಕಾಯಾಕತ್ತಿದ್ದೆ."

ಆಪಾ ಅಳುತ್ತ ಮಧ್ಯಾಹ್ನದ್ದನ್ನೆಲ್ಲ ಹೇಳಿದರು. ಅಣ್ಣ ಎಲ್ಲ ಕೇಳಿಸಿಕೊಂಡರು. ಕಡೆಗೆ, "ಆ ಹುಡುಗ ಬದುಕ್ಯಾನಲ್ಲ?" ಎಂದರು.

"ಬದುಕ್ಯಾನ."

"ಹಂಗಾರ ಆಕೀನ್ನ ಅಲ್ಲೇ ಇರಾಕ ಬಿಡು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾವಿಬ್ಬರೇ. ಘಟ್ಟ ದಾಟುವವರೆಗೆ ಆಪಾ ಕಿಟಕಿಯ ಆಚೆಯೇ ನೋಡುತ್ತಿದ್ದರು. ತಡೆಯಲಾರದೆ ಕೇಳಿದೆ: "ಅಣ್ಣಾರು ಹಂಗಂದ್ರು ಖರೆ. ನಿಮ್ಮ ಮನಸಿಗೆ ಬಂತೇನ್ರಿ?"

"ಅಣ್ಣ ಅನ್ನೂಕಿಂತ ಮೊದಲ ಬಂದಿತ್ತು" ಎಂದರು ಆಪಾ. "ಆಕಿ ನಮ್ಮ ಜೋಡಿ ಬಂದ್ರ, ಆ ತೆರಿ ಹಿಂದ ಹೋಗಿ ಯಾರು ಕುಂದರತಾರ್ರಿ?"

ಇದೆಲ್ಲ ಆಗಿ ಕೆಲವು ವರ್ಷಗಳಾದವು. ನಸರೀನ್ ಈಗ ತೀರದ ಮುನ್ಸೂಚನೆಯನ್ನು ತಾನೇ ಕನ್ನಡದಲ್ಲಿ ಬರೆದು, ಬರುವವರಿಗೆಲ್ಲ ಹಿಂದಿನ ದಿನವೇ ಕಳಿಸುತ್ತಾಳೆ; ಆ ಪಟ್ಟಿಯಲ್ಲಿ ನನ್ನದೂ ಒಂದು ನಂಬರು. ಕಾಗುಣಿತದ ತಪ್ಪಿದ್ದರೆ ತಿದ್ದಿ ಕಳಿಸುವ ಚಟ ನನಗಿನ್ನೂ ಹೋಗಿಲ್ಲ.

ಕಳೆದ ವಾರ ಆಪಾ ಅಂಗಡಿಗೆ ಬೀಗ ಹಾಕಿ ಮಗಳ ಹತ್ತಿರ ಹೋಗಿದ್ದಾರೆ. ಇದನ್ನು ಬರೆಯುತ್ತ ಕೂತಿದ್ದಾಗ ಅವರದೇ ಫೋನು.

"ಅಕ್ಕೋರ, ಇವತ್ತ ನೀರಾಗ ಇಳಿದಿದ್ದೆ. ಹಲಗಿ ಮ್ಯಾಲೆ ಮಲಗಿಸಿ ದೂಡಿದ್ಲು. ದಂಡಿ ಮಟ ಬಂದೆ."

"ಹೆದರಿಕಿ ಆಗಲಿಲ್ಲೇನ್ರಿ?"

"ಆತ್ರಿ. ಭಾಳ ಆತು. ನಾಳಿ ಮತ್ತ ಹೋಗ್ತೀನಿ."

ಅಷ್ಟರಲ್ಲಿ ಯಾರೋ ಕರೆದರು. ಆಪಾ ಫೋನು ಎಲ್ಲೋ ಇಟ್ಟು ಹೋದರು. ಕಟ್ ಮಾಡುವುದು ಮರೆತಿತ್ತು. ನಾನೂ ಕಟ್ ಮಾಡಲಿಲ್ಲ. ಭಾಗ್ಯನಗರದ ಉರಿಬಿಸಿಲಿನಲ್ಲಿ, ಕಿವಿಗೆ ಮೊಬೈಲು ಒತ್ತಿಕೊಂಡು, ಒಂದು ತೆರೆ ಬಿದ್ದ ಮೇಲೆ ಇನ್ನೊಂದು ಬೀಳುವುದನ್ನು ಕೇಳುತ್ತ ಕೂತೆ.