ಮೊದಲು ಗುಂಡಿ, ಆಮೇಲೆ ಚಾ

ರೋಣದ ನಮ್ಮ ಲಗ್ನಪತ್ರಿಕೆ ಅಂಗಡಿಯ ಕಂಪ್ಯೂಟರ್ ಕೆಟ್ಟರೆ ಗಜೇಂದ್ರಗಡದಿಂದ ರಿಪೇರಿಯವರೊಬ್ಬರು ಬರುತ್ತಿದ್ದರು. “ಐದ ನಿಮಿಷದ ಕೆಲಸ್ರಿ, ಅಕ್ಕಾರ” ಎನ್ನುವುದೇ ಅವರ ಮಂತ್ರ.

ಅಂದು ವಿಂಡೋಸ್ ಹೊಸದಾಗಿ ಹಾಕಬೇಕಿತ್ತು. ಸೂಡಿ ಊರಿನ ಮದುವೆ ಮನೆಯವರ ಪತ್ರಿಕೆಗಳು ಸಂಜೆಯೊಳಗೆ ಅಚ್ಚಾಗಬೇಕಿದ್ದವು. ನಮ್ಮ ಕಂಪ್ಯೂಟರಿನ ಜೋಡಿ ಡಿಸ್ಕನ್ನು ವಿಂಡೋಸ್ ಗುರುತಿಸಲು ಬೇಕಾದ ಡ್ರೈವರ್ ಬೇರೊಂದು ಫ್ಲಾಪಿಯಲ್ಲಿತ್ತು. ಶುರುವಿಗೆ ಪರದೆ ಕೇಳಿದ ಕೂಡಲೇ ಆ ಫ್ಲಾಪಿ ಓದಿಸುವ ಗುಂಡಿ ಒತ್ತದಿದ್ದರೆ, ಆಮೇಲೆ ಡಿಸ್ಕೇ ಇಲ್ಲ ಎನ್ನುತ್ತಿತ್ತು. ಸರಿಯಾಗಿ ಆಗಲೇ ಅವರು ಕಪ್ಪಿನ ಚಾ ಬಸಿಗೆ ಸುರುವಿಕೊಂಡು ಊದುತ್ತಿದ್ದರು. ಮತ್ತೆ ಮೊದಲಿನಿಂದ, ಮತ್ತೆ ಚಾ.

ಕೊನೆಗೆ ಬಸಿ ಕಸಿದುಕೊಂಡೆ. “ಮೊದಲ ಗುಂಡಿ ಒತ್ತರಿ!”

“ಮನಿಗೆ ಬಂದವರ ಚಾ ಕಸೀತಾರೇನ್ರಿ?”

“ದೇವರು ಕ್ಷಮಾ ಮಾಡ್ತಾನ. ಲಗ್ನದ ಮನಿಯವರು ಮಾಡಂಗಿಲ್ಲ.”

ಒತ್ತಿದರು. ದೇವರ ದಯೆ, ಡಿಸ್ಕು ಕಾಣಿಸಿತು.

ಸೂಡಿಯವರು ಅಚ್ಚಾದ ಪತ್ರಿಕೆ ಹಿಡಿದು, ತಮ್ಮೂರಿನ ಮೇಲೆ ಹಾದುಹೋಗುವ ಸಂಜೆಯ ಗಜೇಂದ್ರಗಡದ ಬಸ್ಸು ಹತ್ತಿದರು. ಅದೇ ಬಸ್ಸಿಗೆ ಹೋಗಬೇಕಿದ್ದ ರಿಪೇರಿಯವರು, ನಾನು ಕೊಟ್ಟ ಹೊಸ ಚಾ ಊದುತ್ತ ಕೂತು ಬಸ್ಸು ತಪ್ಪಿಸಿಕೊಂಡರು.