ಯಾರೂ ಕೇಳದ ಸ್ಪ್ರಿಂಗ್

ನನ್ನ ಅತ್ತೆಗೆ ಸಿಟ್ಟು ಮೂಗಿನ ತುದಿಯಲ್ಲೇ. ತಗಡು ಒತ್ತುವ ಕಾರ್ಖಾನೆಯ ಬಿಡಿಭಾಗಗಳ ಸ್ಟೋರ್ ಅವಳ ಕೈಯಲ್ಲಿತ್ತು. ನಾನು ಅಲ್ಲೇ ಕಂಪ್ಯೂಟರ್ ಕುಟ್ಟುತ್ತಿದ್ದೆ. ಹಳೆ ಬೋಲ್ಟ್ ಒರೆಸಿ ಹೊಸದೆಂದು ಮಾರಲು ಬಂದವನೊಬ್ಬನ ಕೆನ್ನೆಗೆ ಅವಳು ಬಾರಿಸಿದ ಮೇಲೆ ವ್ಯಾಪಾರಿಗಳೆಲ್ಲ ಸ್ಟೋರಿನ ಕಿಟಕಿಯಿಂದ ದೂರ ನಿಂತೇ ಮಾತಾಡುತ್ತಿದ್ದರು. ಅವಳ ಗಂಡ, ನನ್ನ ಮಾವ, ತಗಡು ಒತ್ತುವ ಪ್ರೆಸ್‌ಗಳನ್ನು ರಿಪೇರಿ ಮಾಡುವ ಫಿಟರ್. ಅವನ ಕೈ ದಿನವಿಡೀ ಆ ಯಂತ್ರಗಳ ಬಾಯೊಳಗೇ ಇರುತ್ತಿತ್ತು.

ಒಂದು ಬೆಳಿಗ್ಗೆ ಮೂರನೇ ಪ್ರೆಸ್‌ನ ಒತ್ತುವ ತಲೆ ಮೇಲೆ ನಿಲ್ಲದೆ ಕೆಳಗೆ ಬಿತ್ತು. ನಡೆಸುತ್ತಿದ್ದವನ ಎರಡು ಬೆರಳು ತಗಡಿನ ಮೇಲೇ ಉಳಿದವು. ಅವನ ಕೂಗು ಕೇಳಿ ನಾನು ಕಂಪ್ಯೂಟರ್ ಬಿಟ್ಟು ಓಡಿದೆ. ಅದನ್ನು ಮೇಲೆ ತಡೆದು ನಿಲ್ಲಿಸುವ ಬ್ರೇಕ್ ಸ್ಪ್ರಿಂಗ್ ಸೋತಿತ್ತು. ಸ್ಟೋರಿನಲ್ಲಿ ಒಂದೂ ಇರಲಿಲ್ಲ. ಯಾವ ಬಿಡಿಭಾಗ ಎಷ್ಟು ಬೇಕಾಗುತ್ತದೆಂದು ಮೊದಲೇ ಹೇಳುವ ಸಾಫ್ಟ್‌ವೇರ್ ಆರಿಸು ಎಂದು ಯಜಮಾನ ಅತ್ತೆಗೆ ಹೇಳಿದ.

ಸಾಫ್ಟ್‌ವೇರ್ ಮಾರುವ ಇಬ್ಬರು ಬಂದರು. ಒಬ್ಬನ ಸರಕು ಅಗ್ಗದ್ದು, ಇನ್ನೊಬ್ಬನದು ಪರದೆಯ ಮೇಲೆ ಬಣ್ಣಬಣ್ಣದ ಗೆರೆ ಎಳೆದು ತೋರಿಸುವಂಥದ್ದು. ಸ್ಟೋರಿನಿಂದ ಇದುವರೆಗೆ ಹೊರಹೋದ ಸಾಮಾನಿನ ಲೆಕ್ಕವನ್ನು ಎರಡಕ್ಕೂ ಉಣಿಸಿದೆ. ಬ್ರೇಕ್ ಸ್ಪ್ರಿಂಗ್ ಎದುರು ಎರಡೂ ಸೊನ್ನೆ ತೋರಿಸಿದವು.

"ಸೊನ್ನೆನಾ? ಮೊನ್ನೆ ಬೆರಳು ಹೋಯ್ತಲ್ಲೋ, ಅದಕ್ಕೇನಂತೀಯ?" ಅತ್ತೆ ಬಣ್ಣದ ಗೆರೆಯವನ ಕೊರಳಪಟ್ಟಿ ಹಿಡಿದಳು.

"ಅಮ್ಮಾ, ವರ್ಷಗಳಿಂದ ಯಾರೂ ಆ ಸ್ಪ್ರಿಂಗ್ ಕೇಳೇ ಇಲ್ಲ. ಇದಕ್ಕೆ ಹೇಗೆ ಗೊತ್ತಾಗ್ಬೇಕು?" ಅವನು ತೊದಲಿದ.

ಮನೆಯಲ್ಲಿ ಊಟಕ್ಕೆ ಕೂತಾಗ ಮಾವನೇ ಮೀಸೆ ತಿರುವುತ್ತ ಬಾಯಿಬಿಟ್ಟ. "ಕೇಳೋದ್ಯಾಕೆ? ಕೇಳಿದ್ರೆ ತಿಂಗಳುಗಟ್ಟಲೆ ಕಾಯಿಸ್ತೀರ. ಹಿಂದಿನ ಶೆಡ್ಡಲ್ಲಿ ಕೆಟ್ಟು ಬಿದ್ದಿರೋ ಪ್ರೆಸ್ ಇದೆಯಲ್ಲ, ಅದರಿಂದ ಬಿಚ್ಚಿ ಹಾಕ್ತೀವಿ. ನಾವು ಫಿಟರ್‌ಗಳೆಲ್ಲ ಮಾಡೋದೇ ಹಾಗೆ. ನಾಳೆ ಮೂರನೇದಕ್ಕೂ ಅದರದ್ದೇ."

ಅತ್ತೆಗೆ ಮೈಯೆಲ್ಲ ಉರಿದುಹೋಯಿತು. "ಆ ಸವೆದ ಹಳೇದನ್ನ ಹಾಕಿ ಪ್ರೆಸ್ ಒಳಗೆ ಕೈ ಇಡೋನು ನೀನೇ ಅಲ್ವಾ!" ಎಂದು ಕಿರುಚಿ ಕೈಲಿದ್ದ ತಟ್ಟೆ ಬೀಸಿದಳು. ಮಾವನ ಹಣೆ ಒಡೆದು ಅನ್ನದ ಮೇಲೆ ರಕ್ತ ತೊಟ್ಟಿಕ್ಕಿತು.

ಮರುದಿನ ಅವಳು ಗ್ಯಾಸ್ ಕಟರ್ ಎಳೆದುಕೊಂಡು ಹಿಂದಿನ ಶೆಡ್ಡಿಗೆ ನುಗ್ಗಿದಳು. ಕೆಟ್ಟ ಪ್ರೆಸ್‌ನಲ್ಲಿ ಉಳಿದಿದ್ದ ಸ್ಪ್ರಿಂಗ್‌ಗಳನ್ನೆಲ್ಲ ಒಂದೊಂದಾಗಿ ತುಂಡರಿಸತೊಡಗಿದಳು. ತಡೆಯಹೋದ ಫಿಟರ್ ಒಬ್ಬನ ಬಾಯಿಗೆ ಅವಳ ಮೊಣಕೈ ಬಿತ್ತು, ಹಲ್ಲು ಉದುರಿತು. ಮಾವ ಅಡ್ಡ ಬಂದ. ಅವನನ್ನು ತಳ್ಳಿದ ರಭಸಕ್ಕೆ ಅವನು ಕಬ್ಬಿಣದ ರಾಶಿಯ ಮೇಲೆ ಬಿದ್ದ. ನನಗೆ ಅವಳನ್ನು ಕಂಡು ಹೆದರಿಕೆಯಾಯಿತು. ನಿಜ ಹೇಳಬೇಕೆಂದರೆ ಹೆಮ್ಮೆಯೂ ಆಯಿತು.

ಯಜಮಾನ ಓಡಿ ಬಂದು ತಲೆ ಮೇಲೆ ಕೈ ಹೊತ್ತು ನಿಂತ. "ಮೂರನೇ ಪ್ರೆಸ್ ನಿಂತೇ ಹೋಯ್ತಲ್ಲೇ ಮಹಾತಾಯಿ!"

"ನಿಲ್ಲಲಿ. ಇನ್ಮೇಲೆ ಬೇಕಾದವರು ನನ್ನ ಕಿಟಕಿಗೆ ಬಂದು ಕೇಳ್ಲಿ. ಸಾಮಾನು ಇಲ್ಲದಿದ್ರೂ ಕೇಳಿದ್ದನ್ನ ಬರ್ಕೊಳ್ತೀವಿ. ಆ ಲೆಕ್ಕ ಉಣಿಸಿದ್ರೆ ಆ ಅಗ್ಗದ ಸಾಫ್ಟ್‌ವೇರೇ ಸಾಕು."

ಅಗ್ಗದ್ದನ್ನೇ ಕೊಂಡರು. ಹಲ್ಲು ಉದುರಿಸಿದ್ದಕ್ಕೆ ಅತ್ತೆಯನ್ನು ಅಂದೇ ಕೆಲಸದಿಂದ ತೆಗೆದರು.

ಸಂಜೆ ಮಾವ ಹಣೆಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತ ಮನೆಗೆ ಬಂದ. ಅತ್ತೆ ಬಾಗಿಲಿಗೇ ಎದ್ದು ಬಂದಳು. ಅವನ ಎರಡೂ ಕೈ ಹಿಡಿದು, ಒಂದೊಂದೇ ಬೆರಳು ಮುಟ್ಟಿ ನೋಡಿ, ಗೊಳೋ ಎಂದು ಅತ್ತುಬಿಟ್ಟಳು.

"ಹೊಡೆದವಳೇ ಅಳ್ತೀಯಲ್ಲೇ," ಅಂದ ಮಾವ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.