ಕರಟದಲ್ಲಿಟ್ಟ ಉಪ್ಪು

ಮೇಸ್ತ್ರಿಯವರ ಮೂಗಿನ ತುದಿಗೆ ಯಾವಾಗಲೂ ಒಂದಿಷ್ಟು ಧೂಳು ಅಂಟಿಕೊಂಡಿರುತ್ತಿತ್ತು. ಮನೆಯೊಳಗೆ ಬಂದವರೇ ಅಂಗಿಯ ತೋಳು ಮಡಿಸಿ, ನೆಲದ ಮೇಲೆ ಬೋರಲು ಮಲಗಿ, ಹಲಗೆಗಳ ಸಂದಿಗೆ ಮೂಗು ಹಚ್ಚಿ ಮೂಸುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಮೊದಲ ಸಲ ನೋಡಿದಾಗ ನನಗೆ ನಗು ಬರಲಿಲ್ಲ, ಅನುಮಾನ ಬಂತು.

ನನಗೆ ಅನುಮಾನ ಬೇಗ ಬರುತ್ತದೆ, ಒಪ್ಪಿಕೊಳ್ಳುತ್ತೇನೆ. ಮೈಸೂರಿನಿಂದ ವರ್ಗವಾಗಿ ಚೆನ್ನೈಗೆ ಬಂದು, ನಾನೂ ಅಮ್ಮನೂ ರಾಯಪುರಂನಲ್ಲಿ ಹಳೇ ಕಾಲದ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆವು. ಅಮ್ಮನ ಕೋಣೆಗೆ ಮರದ ಹಲಗೆಯ ನೆಲ. ಅದರ ಕೆಳಗೆ ಒಬ್ಬರು ತೆವಳಿಕೊಂಡು ಹೋಗುವಷ್ಟು ಟೊಳ್ಳು ಜಾಗ, ಅದಕ್ಕೆಂದೇ ಹೊರಗೋಡೆಯ ಬುಡದಲ್ಲಿ ನಾಲ್ಕು ಗಾಳಿಕಿಂಡಿ. ಹೆಗ್ಗಣ ನುಗ್ಗುತ್ತವೆ ಅಂತ ಬಂದ ವಾರವೇ ನಾಲ್ಕಕ್ಕೂ ಇಟ್ಟಿಗೆ ತುಂಬಿಸಿ ಸಿಮೆಂಟು ಮೆತ್ತಿಸಿದೆ. ಸೆಕೆಗೆ ಅಂತ ಅಮ್ಮನ ಕೋಣೆಗೆ ಏಸಿ ಹಾಕಿಸಿದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅಮ್ಮನಿಗೆ ಉಬ್ಬಸ ಹಿಡಿಯಿತು. ಡಾಕ್ಟರು ಕಡಲ ಹವೆ ಅಂದರು. ದಿನದಿಂದ ದಿನಕ್ಕೆ ಅವಳ ಉಸಿರು ಕಟ್ಟುವುದು ಹೆಚ್ಚುತ್ತಲೇ ಹೋಯಿತು.

ಕೋಣೆಯಲ್ಲಿ ಮುಗ್ಗಲು ವಾಸನೆ ಅಂತ ಮನೆಯ ಓನರಿಗೆ ದೂರು ಕೊಟ್ಟಾಗ ಅವರು ಕಳಿಸಿದ್ದು ಈ ಮೇಸ್ತ್ರಿಯನ್ನು. ತಾತನ ಕಾಲಕ್ಕೇ ಮದರಾಸು ಸೇರಿದ ಕನ್ನಡದವರು, ಮಾತಿನ ನಡುವೆ ತಮಿಳು ಬೆರೆಯುತ್ತಿತ್ತು. ಅನುಮಾನದಲ್ಲಿ ಅವರೇನೂ ನನಗಿಂತ ಕಡಿಮೆಯಲ್ಲ. ನೆಲ ಸಮವಾಗಿದೆ ಅಂತ ರಸಮಟ್ಟ ತೋರಿಸಿದರೂ ನೀರು ಸುರಿದು ಮತ್ತೆ ನೋಡಬೇಕು. ನಾನು ಕೊಟ್ಟ ಕಾಫಿಯನ್ನೂ ಒಮ್ಮೆ ಮೂಸಿಯೇ ಕುಡಿಯುತ್ತಿದ್ದರು.

"ಕೆಳಗೆ ಈರ ನಿಂತಿದೆಮ್ಮಾ," ಅಂದರು. ತೇವಕ್ಕೆ ಅವರು ಈರ ಅನ್ನುತ್ತಿದ್ದರು. "ಮೇಲೆ ಏಸಿ ಹಾಕಿ ಹಲಗೆ ತಣ್ಣಗೆ ಮಾಡ್ತೀರಿ. ಮಣ್ಣಿನ ಆವಿ ಅದಕ್ಕೆ ತಾಗಿ ಬೆವರತ್ತೆ. ಗಾಳಿ ಹೋಗೋ ದಾರೀನೆಲ್ಲ ನೀವೇ ಮುಚ್ಚಿಬಿಟ್ಟಿದ್ದೀರಿ."

ಕೆಲಸ ಗಿಟ್ಟಿಸಲು ಕಥೆ ಕಟ್ಟುತ್ತಿದ್ದಾರೆ ಅಂದುಕೊಂಡೆ. "ನೋಡೋಣ ಬಿಡಿ," ಅಂದೆ. ಅವರು ಬಿಡಲಿಲ್ಲ. ಮೂಲೆಯ ಎರಡು ಹಲಗೆ ಎಬ್ಬಿಸಿ, ಕೈಚೀಲ ಹಿಡಿದು ಕೆಳಗೆ ತೆವಳಿದರು. ಮೇಲೆ ಬರುವಾಗ ಚೀಲ ಖಾಲಿ. ಏನಿಟ್ಟಿರಿ ಅಂತ ಕೇಳಿದರೆ, "ಹತ್ತು ದಿನ ಕಳೀಲಿ, ಹೇಳ್ತೀನಿ," ಅಂದರು.

ಅವರು ಅತ್ತ ಹೋದದ್ದೇ ತಡ, ಟಾರ್ಚು ಹಿಡಿದು ಇಣುಕಿದೆ. ಅಮ್ಮನ ಮಂಚದ ನೇರ ಕೆಳಗೆ ಒಂದು ಕರಟ, ಅದರ ತುಂಬ ಕಲ್ಲುಪ್ಪು. ಬಾಗಿಲ ಕಡೆ ಇನ್ನೊಂದು. ಕಾಯಿಲೆಯವರ ಮಂಚದ ಕೆಳಗೆ ಯಾರೋ ಗುಟ್ಟಾಗಿ ಉಪ್ಪು ಇಟ್ಟು ಹೋದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ಮಾಟ.

ಮೇಸ್ತ್ರಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. "ನಿಮಗೇನು ಹೆತ್ತ ತಾಯಿ ಇರಲಿಲ್ಲವೇನ್ರೀ?" ಅಂತಲೂ ಕೇಳಿದೆ. ಅವರು, "ಕರಟ ಮಾತ್ರ ತೆಗೀಬೇಡಿಮ್ಮಾ," ಅಂದು ಫೋನು ಇಟ್ಟುಬಿಟ್ಟರು. ಮಾಟದ ವಸ್ತು ಮುಟ್ಟುವ ಧೈರ್ಯ ನನಗೂ ಇರಲಿಲ್ಲ. ಹಲಗೆ ಮುಚ್ಚಿ ಮೇಲೆ ಟ್ರಂಕು ಎಳೆದೆ.

ಹತ್ತನೇ ದಿನವೋ ಹನ್ನೊಂದನೇ ದಿನವೋ, ಬೆಳಿಗ್ಗೆ ಅಮ್ಮ ಎದ್ದು ಕೂರುವಾಗ ಮಂಚದ ಒಂದು ಕಾಲು ಹಲಗೆ ಸೀಳಿಕೊಂಡು ಕೆಳಗಿಳಿಯಿತು. ನನ್ನ ತೋಳು ಸಿಕ್ಕಿದ್ದಕ್ಕೆ ಅಮ್ಮ ಬೀಳಲಿಲ್ಲ. ಮುರಿದ ಹಲಗೆಯ ಅಡಿಭಾಗ ಬೂಸ್ಟು ಬೆಳೆದು ಬೆಳ್ಳಗಾಗಿತ್ತು, ನೀರು ತೊಟ್ಟಿಕ್ಕುತ್ತಿತ್ತು. ನನ್ನಮ್ಮ ರಾತ್ರಿ ಹಗಲು ಉಸಿರಾಡಿದ್ದು ಅದನ್ನೇ. ಮಂಚದ ಕೆಳಗಿನ ಕರಟದಲ್ಲಿ ಉಪ್ಪಿರಲಿಲ್ಲ, ಬರೀ ನೀರಿತ್ತು. ಬಾಗಿಲ ಕಡೆಯದರಲ್ಲಿ ಅರ್ಧ ಉಪ್ಪು ಹಾಗೇ ಇತ್ತು. ಆಗ ನನ್ನ ತಲೆಗೆ ಹೋಯಿತು. ತೇವ ಎಲ್ಲಿ ಹೆಚ್ಚು ಅಂತ ಆ ಮನುಷ್ಯ ಅಳೆಯುತ್ತಿದ್ದರು.

ಕರೆದೆ. ಗಂಟೆಯೊಳಗೆ ಬಂದರು. ಕರಟ ಎತ್ತಿ, ಬೆರಳದ್ದಿ, ನಾಲಿಗೆಗೆ ಹಚ್ಚಿ ಉಪ್ಪುನೀರೇ ಹೌದೋ ಅಂತ ನೋಡಿದರು. ನಾಚಿಕೆಯಿಂದ ನಾನು ಏನೋ ಹೇಳಹೋದರೆ ತಡೆದರು.

"ಸಂದೇಹ ಪಡೋದು ಒಳ್ಳೇದೇಮ್ಮಾ. ನೆಲದ ಮೇಲೆ ಪಡೋ ಬದಲು ನನ್ನ ಮೇಲೆ ಪಟ್ಟಿರಿ, ಅಷ್ಟೇ."

ಕೆಳಗಿನ ಮಣ್ಣಿಗೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರು. ಕಿಂಡಿಗಳ ಇಟ್ಟಿಗೆ ಒಡೆದು, ಹೆಗ್ಗಣ ನುಗ್ಗದ ಹಾಗೆ ಕಬ್ಬಿಣದ ಜಾಲರಿ ಕೂರಿಸಿದರು. ಒಂದು ಕಿಂಡಿಗೆ ಒಳಗಿನ ಗಾಳಿ ಹೊರದಬ್ಬುವ ಪುಟ್ಟ ಫ್ಯಾನು. ಮಧ್ಯಾಹ್ನ ತೇವ ಹೊತ್ತ ಕಡಲ ಗಾಳಿ ಏಳುವ ಹೊತ್ತಿಗೆ ಪೂರ್ವದ ಕಿಂಡಿಗೆ ಮುಚ್ಚಳ ಹಾಕಬೇಕು, ಏಸಿ ಇಪ್ಪತ್ತಾರಕ್ಕಿಂತ ಕೆಳಗೆ ಇಳಿಸಬಾರದು ಅಂತ ಕಟ್ಟಪ್ಪಣೆ. ಪಾಲಿಸುತ್ತೇನೆ ಅಂತ ನಂಬಿಕೆಯಿಲ್ಲದೆ, ತಿಂಗಳಿಗೊಮ್ಮೆ ತಾವೇ ಬಂದು ಮೂಸಿ ಹೋಗುತ್ತಿದ್ದರು. ಅಮ್ಮನ ಉಬ್ಬಸ ಮೆಲ್ಲಮೆಲ್ಲನೆ ಇಳಿಯಿತು.

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಮನೆಗೆ ಹೋಗಿದ್ದೆ. ಅವರ ಮಗಳು ತಮಿಳಿನಲ್ಲಿ, ಸಹಜವಾಗಿ ಹೇಳಿದಳು: ಅಜ್ಜಿ, ಅಂದರೆ ಅಪ್ಪನ ತಾಯಿ, ಉಬ್ಬಸದಲ್ಲೇ ಹೋದದ್ದಂತೆ, ಹೀಗೇ ಹಲಗೆ ನೆಲದ ಕೋಣೆಯಲ್ಲಿ. ಯಾಕೆ ಅಂತ ಆಗ ಯಾರಿಗೂ ತಿಳಿಯಲಿಲ್ಲ. ಅಪ್ಪ ನೆಲ ಮೂಸಲು ಶುರು ಮಾಡಿದ್ದು ಅದಾದ ಮೇಲೆ.

ಫೋನಿನಲ್ಲಿ ನಾನು ಕೇಳಿದ್ದ ಪ್ರಶ್ನೆ ನೆನಪಾಗಿ ಅಲ್ಲಿ ಕೂರಲಾಗಲಿಲ್ಲ.

ಈಗ ತಿಂಗಳಿಗೊಮ್ಮೆ ಅಮ್ಮನ ಕೋಣೆಯಲ್ಲಿ ನಾನೇ ಬೋರಲು ಮಲಗಿ ಹಲಗೆಯ ಸಂದಿಗೆ ಮೂಗು ಹಚ್ಚುತ್ತೇನೆ. "ಹೇಗಿದೆಯೇ?" ಅನ್ನುತ್ತಾಳೆ ಅಮ್ಮ, ಮಂಚದ ಮೇಲಿಂದ. ಒಣಗಿದೆ ಅನ್ನುತ್ತೇನೆ. ಹಾಗಂದು, ನಂಬದೆ, ಇನ್ನೊಂದು ಸಲ ಮೂಸುತ್ತೇನೆ.